ನಲವತ್ತು ದಿನದ ವರದಿ

ಗೆಂಚೊ: ಅಂಚು ಹಾಕು ಅಂದಿದ್ದು ನಿಜ. ಕಪ್ಪು ಅಂಚು ಹಾಕು ಅಂದೆನಾ?

ವೇಲ್ಕಾ: ಬಣ್ಣ ಹೇಳಿದ್ಯಾ? ಇಲ್ಲ. "ಗಂಭೀರವಾಗಿರಲಿ ವೇಲ್ಕಕ್ಕ" ಅಂದೆ. ನನ್ನ ಹತ್ರ ಇರೋ ಗಂಭೀರವಾದ ಅಂಚು ಅದೊಂದೇ.

ಗೆಂಚೊ: ನನ್ನನ್ನ ಕೊಂದೇಬಿಟ್ಯಲ್ಲ ಅಕ್ಕ!

ವೇಲ್ಕಾ: ಮೂವತ್ತು ವರ್ಷದಿಂದ ಸಾವಿನ ಕಾಗದ ಅಚ್ಚು ಹಾಕ್ತಿದ್ದೀನಿ. ವಾಪಸ್ ಬಂದು ತಕರಾರು ತೆಗೆದ ಗಿರಾಕಿ ನೀನೊಬ್ಬನೇ.

ವೇಲ್ಕಾಳ ಅಚ್ಚುಕೂಟ ಸ್ಲಿವಾರ್ಕಾ ಊರಿನ ಚರ್ಚಿನ ಹಿಂದಿನ ಓಣಿಯಲ್ಲಿತ್ತು. ಮದುವೆಯ ಕಾಗದ ವರ್ಷಕ್ಕೆ ಮೂರೋ ನಾಲ್ಕೋ ಬಂದರೆ ಹೆಚ್ಚು. ಸಾವಿನ ಕಾಗದಕ್ಕೆ ಬಿಡುವಿರಲಿಲ್ಲ. ಸತ್ತವರ ಫೋಟೊ, ಹೆಸರು, ಸುತ್ತ ಕಪ್ಪು ಅಂಚು. ಸತ್ತ ದಿನ ಒಂದು, ನಲವತ್ತನೆಯ ದಿನಕ್ಕೆ ಇನ್ನೊಂದು, ಆರು ತಿಂಗಳಿಗೆ, ವರ್ಷಕ್ಕೆ ಮತ್ತೆ. ಕರೆಂಟು ಕಂಬ, ಬೇಕರಿ ಗೋಡೆ, ಚರ್ಚಿನ ಬಾಗಿಲು, ಎಲ್ಲ ಕಡೆಯೂ ಅವಳೇ ಬೆಳಗ್ಗೆ ಎದ್ದು ಅಂಟಿಸಿ ಬರುತ್ತಿದ್ದಳು. ಸ್ಲಿವಾರ್ಕಾದಲ್ಲಿ ಜನ ನಿಂತು ಓದುವ ಬರಹ ಅದೊಂದೇ.

ನಗರಸಭೆಯ ಸದಸ್ಯ ಗೆಂಚೊ ಮಿಹೊವ್ ಬರೆಯುತ್ತಿದ್ದುದನ್ನು ಯಾರೂ ಓದುತ್ತಿರಲಿಲ್ಲ. ತಿಂಗಳಿಗೊಮ್ಮೆ ಅವನು ಮತದಾರರಿಗೆ ವರದಿ ಕೊಡುತ್ತಿದ್ದ. ಊರಿನ ಚರಂಡಿಯಿಂದ ಹಿಡಿದು ದೇಶದ ಗಡಿಯವರೆಗೆ ಒಂದನ್ನೂ ಬಿಡದೆ, ಬಣ್ಣದಲ್ಲಿ, ನಾಲ್ಕು ಪುಟ. ಶರತ್ಕಾಲದಲ್ಲಿ ಅಂಗಳದಲ್ಲಿ ಮೆಣಸಿನಕಾಯಿ ಸುಡುವ ಒಲೆ ಹೊತ್ತಿಸಲು ಆ ಕಾಗದ ಬಹಳ ಚೆನ್ನಾಗಿದೆಯೆಂದು ಹೆಂಗಸರು ಹೊಗಳುತ್ತಿದ್ದರು.

ಗೆಂಚೊ: ಸ್ತಾವ್ರಿ ತಾತ ನನ್ನ ಕಾಗದ ಅಂಟಿಸಿದ ಕಂಬದ ಮುಂದೆ ಟೋಪಿ ತೆಗೆದು ಎದೆ ಮೇಲೆ ಶಿಲುಬೆ ಗುರುತು ಹಾಕ್ಕೊಳ್ತಿದ್ದ. ಕಿಟಕಿಯಿಂದ ನೋಡಿದೆ. ಕಾಲರ್ ಏರಿಸ್ಕೊಂಡು ಹಿತ್ತಿಲ ಓಣೀಲಿ ಓಡಿ ಬಂದೆ.

ವೇಲ್ಕಾ: ಯಾರಾದ್ರೂ ನೋಡಿದ್ರಾ?

ಗೆಂಚೊ: ಒಂದು ನಾಯಿ ನೋಡ್ತು.

ವೇಲ್ಕಾ: ಬೊಗಳ್ತಾ?

ಗೆಂಚೊ: ಇಲ್ಲ.

ವೇಲ್ಕಾ: ನೋಡು, ಅದೂ ಓದಿದೆ.

ಗೆಂಚೊ: ತಮಾಷೆ ಸಾಕು! ಇನ್ನು ಮೂರು ವಾರಕ್ಕೆ ಚುನಾವಣೆ. ಸತ್ತವನಿಗೆ ಯಾರು ಓಟು ಹಾಕ್ತಾರೆ?

ವೇಲ್ಕಾ: "ಒಂದೇ ಹಾಳೆ ಸಾಕು, ಸತ್ತವರ ಪಕ್ಕದಲ್ಲೇ ಅಂಟಿಸು, ಅಲ್ಲಿ ಜನ ಓದ್ತಾರೆ" ಅಂದವನು ಯಾರು? ಮೇಲೆ ದಪ್ಪಕ್ಷರದಲ್ಲಿ "ನಲವತ್ತು ದಿನ" ಅಂತ ಬರೆದುಕೊಟ್ಟವನು ಯಾರು?

ಗೆಂಚೊ: ನಲವತ್ತು ದಿನ ರಾಜಧಾನಿ ಸೋಫಿಯಾದಲ್ಲಿ ಶಿಬಿರದಲ್ಲಿದ್ದೆ ಅಕ್ಕ! ರಾಷ್ಟ್ರದ ಸಮಸ್ಯೆಗಳನ್ನ ಅಧ್ಯಯನ ಮಾಡ್ತಿದ್ದೆ! ಅದನ್ನ ಜನರಿಗೆ ತಿಳಿಸಬೇಕಲ್ಲ?

ವೇಲ್ಕಾ: ತಿಳಿಸಿದ್ದೀಯ. ಬೇಕರಿಯ ನೇದಾ ಗೋಧಿ ಬೇಯೋಕೆ ಇಟ್ಟಿದ್ದಾಳೆ, ಸಕ್ಕರೆ ಬೆರೆಸಿ ನಿನ್ನ ಆತ್ಮದ ಶಾಂತಿಗೆ ಹಂಚೋಕೆ.

ಗೆಂಚೊ: ನಲವತ್ತು ದಿನದ ಹಿಂದೆ ನಾನು ಸತ್ತಿದ್ರೆ ಊರಿಗೆ ಗೊತ್ತಾಗ್ತಿರಲಿಲ್ವಾ? ಒಬ್ಬರಾದ್ರೂ ಫೋನ್ ಮಾಡಿ ವಿಚಾರಿಸಬೇಡ್ವಾ?

ವೇಲ್ಕಾ: ನಿನ್ನ ಫೋನಿಗಾ? ನೀನು ಎತ್ತಲ್ಲ ಅಂತ ಊರಿಗೆಲ್ಲ ಗೊತ್ತು. ನಿನ್ನ ತಂಗಿ ಸೋಫಿಯಾದಲ್ಲಿದ್ದಾಳಲ್ಲ, ಅಲ್ಲೇ ಮಣ್ಣು ಮಾಡಿರಬೇಕು ಅಂದ್ಕೊಂಡ್ರು.

ಅಂಟಿಸುವಾಗಲೇ ವೇಲ್ಕಾಳಿಗೆ ಒಂದು ಸಣ್ಣ ಅನುಮಾನ ಬಂದಿತ್ತು. ಆದರೆ ಕೇಳಿದ್ದನ್ನು ಕೇಳಿದ ಹಾಗೆ ಮಾಡಿಕೊಡುವುದು ಅವಳ ಧರ್ಮ. ಗಿರಾಕಿ ಬದುಕಿದ್ದಾನೋ ಇಲ್ಲವೋ ಎಂದು ಪರೀಕ್ಷಿಸುವುದು ವೈದ್ಯರ ಕೆಲಸ. ಅಷ್ಟರಲ್ಲಿ ಹೊರಗೆ ಗೋಡೆಯನ್ನು ಸವರಿಕೊಂಡು ಬರುವ ಕೈಯ ಸದ್ದಾಯಿತು. ಎವ್ದೋಕಿಯಾ ಟೀಚರ್ ಒಳಗೆ ಬಂದರು. ಊರಿನ ಅರ್ಧ ಜನಕ್ಕೆ ಲೆಕ್ಕ ಕಲಿಸಿದವರು. ಎಡಗಣ್ಣು ಪೂರ್ತಿ ಹೋಗಿತ್ತು, ಬಲಗಣ್ಣಿಗೆ ಆಕಾರಗಳು ಮಾತ್ರ ಕಾಣುತ್ತಿದ್ದವು. ಕೈಯಲ್ಲಿ ಕೆಂಪು ಕಾರ್ನೇಷನ್ ಹೂವು, ನಾಲ್ಕು. ಸತ್ತವರಿಗೆ ಸಮಸಂಖ್ಯೆ, ಬದುಕಿದವರಿಗೆ ಬೆಸಸಂಖ್ಯೆ: ಸ್ಲಿವಾರ್ಕಾದ ಮಕ್ಕಳು ಮಗ್ಗಿಗೂ ಮೊದಲು ಕಲಿಯುವ ಲೆಕ್ಕ ಅದು.

ಟೀಚರ್: ವೇಲ್ಕಾ, ಆ ಗೆಂಚೊನ ಕಾಗದ ಯಾರು ಮಾಡಿಸಿದ್ದು? ಹೂವು ಯಾರ ಕೈಗೆ ಕೊಡ್ಲಿ?

ವೇಲ್ಕಾ: ಅವನೇ ಮಾಡಿಸಿದ್ದು ಟೀಚರ್.

ಟೀಚರ್: ಮುಂಚೇನೇ ಮಾಡಿಸಿಟ್ಟಿದ್ನಾ? ಪರವಾಗಿಲ್ವೆ! ಜೀವಮಾನದಲ್ಲಿ ಮೊದಲನೇ ಸಲ ಹೋಮ್‌ವರ್ಕು ಹೊತ್ತಿಗೆ ಸರಿಯಾಗಿ ಮುಗಿಸಿದ್ದಾನೆ. (ಗೆಂಚೊ ನಿಂತಿದ್ದ ಕಡೆ ತಿರುಗಿ) ಇವರು ಯಾರು? ಪಾಪ, ನಿಮ್ಮ ಮನೇಲೂ ಯಾರಾದ್ರೂ ಹೋದ್ರಾ?

ಗೆಂಚೊ ಬಾಯಿ ತೆರೆದ. ವೇಲ್ಕಾ ಅವನ ಕಾಲು ತುಳಿದಳು. ಮೂವತ್ತು ವರ್ಷದಲ್ಲಿ ಅವಳಿಗೆ ಇಂಥ ಅವಕಾಶ ಸಿಕ್ಕಿರಲಿಲ್ಲ.

ವೇಲ್ಕಾ: ಹೌದು ಟೀಚರ್, ತುಂಬ ಹತ್ತಿರದವರು. ನೀವು ಹೇಳಿ, ಗೆಂಚೊ ಎಂಥವನಿದ್ದ?

ಟೀಚರ್: ಸತ್ತವರ ಬಗ್ಗೆ ಒಳ್ಳೇದನ್ನೇ ಆಡಬೇಕು.

ಅಷ್ಟು ಹೇಳಿ ಟೀಚರ್ ಹೂವಿನ ದಂಟುಗಳನ್ನು ಸರಿಮಾಡತೊಡಗಿದರು.

ಗೆಂಚೊ: ಹೇಳಿ ಮತ್ತೆ!

ಟೀಚರ್: ಅದಕ್ಕೇ ಸುಮ್ಮನಿದ್ದೀನಿ. (ಕತ್ತು ವಾಲಿಸಿ) ಈ ದನಿ... ಲೋ! ಏಳನೇ ಕ್ಲಾಸು, ಕಿಟಕಿ ಪಕ್ಕದ ಬೆಂಚು! ಗೆಂಚೊ?

ಗೆಂಚೊ: ನಾನೇ ಟೀಚರ್. ಬದುಕಿದ್ದೀನಿ.

ಟೀಚರ್ ಬೆಚ್ಚಲಿಲ್ಲ. ಕಟ್ಟಿನಿಂದ ಒಂದು ಹೂವನ್ನು ಎಳೆದು ಅಚ್ಚಿನ ಯಂತ್ರದ ಮೇಲಿಟ್ಟರು. ಉಳಿದ ಮೂರನ್ನು ಅವನ ಕೈಗೆ ತುರುಕಿದರು.

ಟೀಚರ್: ಈಗ ಲೆಕ್ಕ ಸರಿಹೋಯ್ತು. ನೀನು ಬದುಕಿರೋ ವಿಷಯ ಇನ್ಯಾರಿಗೆ ಗೊತ್ತು?

ಗೆಂಚೊ: ಯಾರಿಗೂ ಗೊತ್ತಿಲ್ಲ. ನಿನ್ನೆ ಕತ್ತಲಾದ ಮೇಲೆ ಸೋಫಿಯಾದಿಂದ ನೇರ ಇಲ್ಲಿಗೇ ಬಂದು ವರದಿ ಕೊಟ್ಟು ಹೋಗಿದ್ದೆ. ಈಗಲೇ ಚೌಕಕ್ಕೆ ಹೋಗಿ ಎಲ್ಲರಿಗೂ ಹೇಳಿಬಿಡ್ತೀನಿ.

ಟೀಚರ್: ಕೂತ್ಕೋ!

ಐವತ್ತು ವರ್ಷದ ನಗರಸಭಾ ಸದಸ್ಯ ಕಾಗದದ ಕಟ್ಟಿನ ಮೇಲೆ ಕುಳಿತ.

ಟೀಚರ್: ಬೆಳಗ್ಗೆ ಬೇಕರಿ ಹತ್ರ ನಿನ್ನ ಕಾಗದದ ಮುಂದೆ ಮೂವತ್ತು ಜನ ಸೇರಿದ್ರು. ಎಲ್ಲರೂ ಫೋಟೊ ನೋಡಿದ್ರು, ನಲವತ್ತು ದಿನ ಅನ್ನೋದನ್ನ ಓದಿದ್ರು, ಕಣ್ಣೊರೆಸ್ಕೊಂಡ್ರು. ಮುಂದಕ್ಕೆ ಯಾರು ಓದ್ತಾರೆ? ನಾನು ನೇದಾಗೆ ಹೇಳ್ದೆ, ಸತ್ತವನು ಸತ್ತ, ಆಸ್ಪತ್ರೆ ಬಸ್ಸಿನ ವಿಷಯ ಏನಾದ್ರೂ ಬರೆದಿದ್ದಾನಾ ನೋಡಮ್ಮ ಅಂತ.

ಗೆಂಚೊ: ಬರೆದಿದ್ದೀನಿ! ಮೂರನೇ ಅಂಶ. "ಜಿಲ್ಲಾ ಆಸ್ಪತ್ರೆಗೆ ಹೋಗುವ ಬಸ್ಸನ್ನು ಮತ್ತೆ ಆರಂಭಿಸುವ ವಿಷಯ ಪರಿಶೀಲನೆಯಲ್ಲಿದೆ."

ವೇಲ್ಕಾ: ಹನ್ನೊಂದು ತಿಂಗಳಿಂದ ಅದೇ ಸಾಲು. ಬೇರೆಯದನ್ನೆಲ್ಲ ಬದಲಾಯಿಸ್ತೀನಿ, ಅದನ್ನ ಮಾತ್ರ ಯಂತ್ರದಿಂದ ತೆಗೆಯೋದೇ ಇಲ್ಲ.

ಟೀಚರ್: ನೇದಾ ಅದನ್ನ ಗಟ್ಟಿಯಾಗಿ ಓದಿದ್ಲು. ಓದ್ತಾ ಓದ್ತಾ ಅತ್ಲು. "ಅಯ್ಯೋ, ಪುಣ್ಯಾತ್ಮನ ಕೊನೇ ಆಸೆ!" ಅಂದ್ಲು. ಅಷ್ಟು ಹೊತ್ತಿಗೆ ಮೇಯರ್ ದ್ರಾಗ್ನೆವ್ ರೊಟ್ಟಿಗೆ ಬಂದ.

ಗೆಂಚೊ: ಆ ಕಳ್ಳ! ನಾನು ಬಸ್ಸು ಅಂದಾಗೆಲ್ಲ ಕಡತದ ಮೇಲೆ ಕೂತ್ಕೊಳ್ತಿದ್ದ. ಬಸ್ಸು ಬಂದ್ರೆ ಹೆಸರು ನನಗೆ ಬರುತ್ತೆ ಅಂತ!

ಟೀಚರ್: ಅವನ ಮುಖ ನನಗೆ ಕಾಣಲ್ಲ, ದನಿ ನಡುಗಿದ್ದು ಕೇಳಿಸ್ತು. ನಲವತ್ತು ದಿನ ಆದ್ರೂ ತಾನು ಒಂದು ಹೂವಿನ ಹಾರ ಕಳಿಸಿಲ್ಲ. ಸುತ್ತ ಮೂವತ್ತು ಜನ ಓಟಿನವರು. "ಗೆಳೆಯ ಗೆಂಚೊನ ಕೊನೆಯ ಆಸೆ ಈ ಮೇಯರನ ಆಜ್ಞೆ! ಇವತ್ತು ಹನ್ನೆರಡು ಗಂಟೆಗೆ ಸಭೆಯಲ್ಲಿ ಸಹಿ ಹಾಕ್ತೀನಿ, ಸೋಮವಾರ ಬಸ್ಸು ಬರುತ್ತೆ" ಅಂದುಬಿಟ್ಟ.

ವೇಲ್ಕಾ ಗಡಿಯಾರ ನೋಡಿದಳು. ಹನ್ನೊಂದಕ್ಕೆ ಐದು ನಿಮಿಷವಿದೆ ಎಂದಳು.

ಗೆಂಚೊ: ಅಂದ್ರೆ ಬಸ್ಸು ತಂದವನು ನಾನೇ! ಹೋಗಿ ಹೇಳ್ಬೇಕು!

ವೇಲ್ಕಾ: ಹೋಗು. ಸತ್ತ ಗೆಂಚೊಗೆ ಬಸ್ಸು ಕೊಡೋಕೆ ಅವನಿಗೇನು ನಷ್ಟ? ಸತ್ತವನು ಚುನಾವಣೆಗೆ ನಿಲ್ಲಲ್ಲ. ನೀನು ಬಾಗಿಲಲ್ಲಿ ಕಾಣಿಸ್ಕೊಂಡ ತಕ್ಷಣ ಅವನ ಪೆನ್ನಿನ ಶಾಯಿ ಒಣಗುತ್ತೆ.

ಗೆಂಚೊ: ಹಾಗಂತ ನಾನು ಸತ್ತ ಹಾಗೆ ನಟಿಸಬೇಕಾ? ಜನಪ್ರತಿನಿಧಿ ನಾನು! ಜನರಿಗೆ ಸುಳ್ಳು ಹೇಳ್ಲಾ?

ವೇಲ್ಕಾ ಯಂತ್ರದಲ್ಲಿದ್ದ ಮೂರನೇ ಅಂಶದ ಸಾಲನ್ನು ಬೆರಳಿನಿಂದ ತಟ್ಟಿ ತೋರಿಸಿದಳು.

ಟೀಚರ್: ತಿಂಗಳಿಗೊಂದು ಇಂಜೆಕ್ಷನ್ನು ನನ್ನ ಕಣ್ಣಿಗೆ. ಹೋದ ತಿಂಗಳದ್ದು ತಪ್ಪಿಹೋಯ್ತು. ಹಾಲಿನ ವ್ಯಾನಿನವನು ಕರ್ಕೊಂಡು ಹೋಗ್ತೀನಿ ಅಂದಿದ್ದ, ಬರಲಿಲ್ಲ. ಇನ್ನೊಂದು ತಪ್ಪಿದ್ರೆ ಬಲಗಣ್ಣೂ ಇಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಮುಂದಿನದು ಮಂಗಳವಾರ. ನಾನು ಬೇಡಿಕೊಳ್ತಿಲ್ಲ. ಲೆಕ್ಕ ಹೇಳ್ತಿದ್ದೀನಿ. ಒಂದು ಕಡೆ ಒಂದು ಕಣ್ಣು, ಇನ್ನೊಂದು ಕಡೆ ನೀನು ಒಂದು ಗಂಟೆ ಐದು ನಿಮಿಷ ಸತ್ತಿರೋದು.

ಗೆಂಚೊ ಹೂವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

ಗೆಂಚೊ: ಟೀಚರ್, ನಿಮಗೋಸ್ಕರ ನಾನು ಏನು ಬೇಕಾದ್ರೂ... ಆದ್ರೆ ನನ್ನ ಹೆಸರು? ಮೂರು ವರ್ಷ ಬರೆದಿದ್ದೀನಿ! ಮೂವತ್ತಾರು ವರದಿ!

ಫೋನು ಬಡಿದುಕೊಂಡಿತು. ವೇಲ್ಕಾ ಎತ್ತಿದಳು.

ವೇಲ್ಕಾ: ಹೌದು... ಮೇಯರ್ ಕಚೇರಿನಾ? ಹಾರಕ್ಕೆ ರಿಬ್ಬನ್ನು, ಆಗಬಹುದು. ಏನು ಬರೀಬೇಕು? "ಮರೆಯಲಾಗದ ಗೆಳೆಯನಿಗೆ"... ಬರ್ಕೊಂಡೆ.

ಗೆಂಚೊ: (ಪಿಸುಗುಟ್ಟುತ್ತ) "ದಣಿವರಿಯದ" ಅಂತ ಸೇರಿಸು!

ವೇಲ್ಕಾ: "ದಣಿವರಿಯದ" ಅಂತ ಸೇರಿಸ್ಲಾ?... ಸರಿ. ಭಾಷಣವೂ ಇದೆಯಾ? ಎಷ್ಟು ಹೊತ್ತು?... ಇಪ್ಪತ್ತು ನಿಮಿಷ. ಹಾಂ. ಬಸ್ ನಿಲ್ದಾಣದ ಬೆಂಚಿಗೆ ಅವನ ಹೆಸರಾ? ಅದಕ್ಕೊಂದು ಫಲಕ ಮಾಡ್ಕೊಡ್ಬೇಕಾ? ಆಗಲಿ.

ಅವಳು ಫೋನಿಟ್ಟು ತಿರುಗಿದಾಗ ಗೆಂಚೊನ ಮುಖ ಬೇರೆಯಾಗಿತ್ತು. ಚರ್ಚಿನಲ್ಲಿ ಮೇಣದ ಬತ್ತಿಯ ಎದುರು ನಿಂತವರ ಮುಖದಲ್ಲಿ ಮಾತ್ರ ಅವಳು ಅಂಥ ಶಾಂತಿ ಕಂಡಿದ್ದಳು.

ಗೆಂಚೊ: ಇಪ್ಪತ್ತು ನಿಮಿಷ?

ವೇಲ್ಕಾ: ಇಪ್ಪತ್ತು.

ಗೆಂಚೊ: ಆ ಮನುಷ್ಯ ಮೂರು ವರ್ಷದಲ್ಲಿ ನನ್ನ ಬಗ್ಗೆ ಒಂದು ಒಳ್ಳೇ ಮಾತು ಆಡಿಲ್ಲ ಅಕ್ಕ. ಸಭಾಭವನದ ಹಿಂದಿನ ಕಿಟಕಿ ತೆರೆದಿರುತ್ತಾ?

ವೇಲ್ಕಾ: ತೆರೆದಿರುತ್ತೆ. ಓಣೀಲಿ ಕೂತು ಕೇಳಿಸ್ಕೋಬಹುದು. ಆದ್ರೆ ಸತ್ತವರು ಕೇಳಿಸ್ಕೊಳ್ತಾರೆ ಅಷ್ಟೆ, ತಿದ್ದುಪಡಿ ಸೂಚಿಸಲ್ಲ. ಬಾಯಿ ಮುಚ್ಕೊಂಡಿರ್ಬೇಕು.

ಗೆಂಚೊ: ಅವನು ಅಂಕಿಅಂಶ ತಪ್ಪು ಹೇಳಿದ್ರೆ?

ವೇಲ್ಕಾ: ಹೇಳಿದ್ರೂ ಮುಚ್ಕೊಂಡಿರು.

ಗೆಂಚೊ: ಸಹಿ ಆಗಿ ಮೊಹರು ಬಿದ್ದ ಮೇಲೆ ಎದ್ದು ಬರಬಹುದಾ? ಭಾಷಣ ಉದ್ದ ಆದ್ರೆ ನನಗೇನೂ ಅವಸರ ಇಲ್ಲ, ಸಾಯಂಕಾಲದವರೆಗೂ ಇರ್ತೀನಿ. ಅಕ್ಕ, ಮುಂದಿನ ತಿಂಗಳ ವರದಿಗೂ ಇದೇ ಅಂಚು ಇಟ್ಟಿರು. ನಾನು ಬರೆದದ್ದನ್ನ ಜನ ಗಟ್ಟಿಯಾಗಿ ಓದಿ ಅತ್ತಿದ್ದು ಇದೇ ಮೊದಲು.

ಅವನು ಕಾಲರ್ ಏರಿಸಿ ಹಿಂಬಾಗಿಲ ಕಡೆ ಹೊರಟ. ಎವ್ದೋಕಿಯಾ ಟೀಚರ್ ಯಂತ್ರದ ಮೇಲೆ ಕೈಯಾಡಿಸಿ, ಅಲ್ಲಿಟ್ಟಿದ್ದ ಹೂವನ್ನು ಹುಡುಕಿ ತೆಗೆದು, ಅವನ ಕೈಲಿದ್ದ ಕಟ್ಟಿಗೆ ಮತ್ತೆ ಸೇರಿಸಿದರು.

ಗೆಂಚೊ: ಟೀಚರ್, ಇದು ನಾಲ್ಕಾಯ್ತಲ್ಲ!

ಟೀಚರ್: ಎಣಿಸೋಕೆ ನಿನಗೆ ಕಲಿಸಿದವಳು ನಾನು. ಮಂಗಳವಾರ ಬಸ್ಸು ಹತ್ತಿ ಕೂತ ಮೇಲೆ ಒಂದು ವಾಪಸ್ ತಗೋತೀನಿ.