ಪಾಪಮ್ಮನ ಕೈಗೆ ಸಿಕ್ಕ ಮಸಾಜ್ ಪಂಡಿತ

ಜಗತ್ತಿನಲ್ಲಿರುವ ಮಸಾಜ್‌ಗಳನ್ನೆಲ್ಲ ಅರೆದು ಕುಡಿದು, ಅದರಲ್ಲಿ ನನ್ನ ಹೆಂಡತಿಯ ಕುತ್ತಿಗೆಗೆ ತಕ್ಕ ಒಂದನ್ನು ಆರಿಸಿಯೇ ತೀರುತ್ತೇನೆ ಎಂದು ಹೋದ ತಿಂಗಳು ಒಂದು ಗುರುವಾರ, ಕೈಯಲ್ಲಿ ಕಾಫಿ ಲೋಟ ಹಿಡಿದು, ನಾನು ಘೋರ ಪ್ರತಿಜ್ಞೆ ಮಾಡಿದೆ! ತರೀಕೆರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿರುವ ರುದ್ರಮೂರ್ತಿ ಮೇಷ್ಟ್ರಿಗೆ ಒಂದು ಕುತ್ತಿಗೆ ಯಾವ ಲೆಕ್ಕ?

ನನ್ನ ಹೆಂಡತಿ ತನುಜಾ ಅಜ್ಜಂಪುರದ ಒಂದು ಸಹಕಾರ ಸಂಘದಲ್ಲಿ ಗುಮಾಸ್ತೆ. ದಿನಾ ಬಸ್ಸಿನಲ್ಲಿ ನಿಂತು ಹೋಗಿ, ನಿಂತೇ ಬಂದು ಬೇಸತ್ತವಳು ಹಟ ಹಿಡಿದು ಅಣ್ಣನ ಹಳೇ ಕಾರಿನಲ್ಲಿ ಡ್ರೈವಿಂಗ್ ಕಲಿತಳು. ಮೊದಲ ಟೆಸ್ಟಿನಲ್ಲಿ ರಿವರ್ಸ್ ಹೋಗುವಾಗ ಕಂಬಕ್ಕೆ ಮುತ್ತಿಟ್ಟು ಫೇಲಾದಳು. ಎರಡನೇ ಟೆಸ್ಟು ಶನಿವಾರ. ಗುರುವಾರ ಬೆಳಗ್ಗೆ ಎದ್ದರೆ ಕುತ್ತಿಗೆ ಹಿಡಿದಿದೆ! ಎಡಕ್ಕಿಲ್ಲ, ಬಲಕ್ಕಿಲ್ಲ, ಕೆಳಕ್ಕೂ ಇಲ್ಲ. ಹಿಂದೆ ತಿರುಗಿ ನೋಡಲಾಗದವಳು ಕಾರನ್ನು ಹಿಂದಕ್ಕೆ ಬಿಡುವುದು ಹೇಗೆ? ಪಾಪ, ಕಣ್ಣಲ್ಲಿ ನೀರು ತಂದುಕೊಂಡಳು.

ಡಾಕ್ಟರು ನೋಡಿ, "ಏನೂ ಭಯ ಇಲ್ಲ, ಶಾಖ ಕೊಡಿ. ಬೇಕಾದ್ರೆ ಹಗುರವಾಗಿ ಮಸಾಜ್ ಮಾಡಿಸ್ಕೊಳ್ಳಿ" ಅಂದರು. 'ಹಗುರವಾಗಿ' ಅನ್ನುವ ಪದ ನನ್ನ ಕಿವಿಗೇನೋ ಬಿತ್ತು, ತಲೆಗೆ ಹೋಗಲಿಲ್ಲ.

ಸಂಜೆಯೊಳಗೆ ಮೊಬೈಲು ಜಾಲಾಡಿ ಡ್ರಾಯಿಂಗ್ ಶೀಟಿನ ಮೇಲೆ ಚಾರ್ಟು ಬರೆದು ಕ್ಯಾಲೆಂಡರ್ ಪಕ್ಕ ತೂಗುಹಾಕಿದೆ. ಸ್ವೀಡಿಷ್: ಮೆಲ್ಲಗೆ ನೀವುವುದು. ಡೀಪ್ ಟಿಶ್ಯೂ: ಮೊಣಕೈಯಲ್ಲಿ ಆಳಕ್ಕೆ ಒತ್ತುವುದು. ಥಾಯ್: ಕೈಕಾಲು ಎಳೆದು ಬಗ್ಗಿಸುವುದು. ಹಾಟ್ ಸ್ಟೋನ್: ಕಾದ ಕಲ್ಲಿಡುವುದು. ಮೆಲ್ಲಗೆ ನೀವುವುದನ್ನು ನೋಡಿ ನನಗೆ ನಗು ಬಂತು. ಇಂಥ ಮಹಾನ್ ಕುತ್ತಿಗೆಗೆ ಅದೆಲ್ಲಿ ಸಾಲುತ್ತದೆ? ಶುಕ್ರವಾರ ರಜೆ ಹಾಕಿ ಡೀಪ್ ಟಿಶ್ಯೂವಿಗೇ ಕೈ ಹಾಕಿದೆ, ಅಲ್ಲಲ್ಲ, ಮೊಣಕೈ ಹಾಕಿದೆ.

"ಅಯ್ಯಯ್ಯೋ! ಕ್ಲಚ್ ತುಳಿದಂಗೆ ತುಳೀತಿದ್ದೀರಲ್ರೀ!"

"ತಡ್ಕೊಳೇ, ನೋವಾದ್ರೇನೇ ಗುಣ!"

"ಗುಣಾನೂ ಬೇಡ, ನೀವೂ ಬೇಡ, ಬಿಡ್ರೀ!"

ರಾತ್ರಿ ಕೊಟ್ಟ ಶಾಖಕ್ಕೆ ಅಷ್ಟೋ ಇಷ್ಟೋ ಆಡತೊಡಗಿದ್ದ ಕುತ್ತಿಗೆ ಈಗ ಪೂರ್ತಿ ಸೆಟೆದು ನಿಂತಿತು. ನಾನು ಧೃತಿಗೆಡಲಿಲ್ಲ. ಹೆಬ್ಬೆ ಹಳ್ಳದಿಂದ ಹಿಂದೊಮ್ಮೆ ತಂದಿದ್ದ ನುಣುಪು ಕಲ್ಲುಗಳನ್ನು ತೊಳೆದು ದೋಸೆ ಹೆಂಚಿನ ಮೇಲಿಟ್ಟು ಕಾಯಿಸಿದೆ. ಒಂದು ಕಲ್ಲು ಪಟಾರನೆ ಸಿಡಿದು ಚೂರು ಸಾರಿನ ಪಾತ್ರೆಗೆ ಬಿತ್ತು.

"ಹೆಂಚಿನ ಮೇಲೆ ಕಲ್ಲು ಹುಯ್ಯೋರನ್ನ ಇವತ್ತೇ ಕಣ್ರೀ ನಾನು ನೋಡಿದ್ದು!"

"ಆಯ್ತು, ಥಾಯ್ ಮಾಡೋಣ. ನಿನಗೆ ಭಯ ಆದ್ರೆ ಮೊದಲು ನನ್ನ ಮೇಲೇ ತೋರಿಸ್ತೀನಿ."

ಹಾಲಿನಲ್ಲಿ ಚಾಪೆ ಹಾಸಿ ಮಲಗಿ, ವಿಡಿಯೋದಲ್ಲಿದ್ದಂತೆ ಬಲಗಾಲನ್ನು ಎಡಕ್ಕೆ ದಾಟಿಸಿ, ಎರಡೂ ಕೈಯಲ್ಲಿ ಹಿಡಿದು ಎಳೆದೆ. ಕಳಕ್! ಸೊಂಟ ಹಿಡಿಯಿತು. ಕಾಲು ಹೋದಲ್ಲೇ ಉಳಿಯಿತು!

"ತನೂ! ಸತ್ತೆ ಕಣೇ!"

"ಎಲ್ಲಿದ್ದೀರ್ರೀ?"

"ಇಲ್ಲೇ, ನಿನ್ನ ಕಾಲ ಹತ್ರ!"

"ಕಾಣ್ತಿಲ್ವಲ್ರೀ! ಕೆಳಗೆ ನೋಡೋಕೆ ನನ್ನ ಕುತ್ತಿಗೆ ಬಗ್ಗಬೇಕಲ್ಲ!"

ನೆಲ ನೋಡಲಾಗದ ಹೆಂಡತಿ, ನೆಲ ಬಿಟ್ಟು ಏಳಲಾಗದ ಗಂಡ! ಇಬ್ಬರ ಕೂಗಾಟ ಕೇಳಿ ಪಕ್ಕದ ಮನೆಯಿಂದ ಓಡಿ ಬಂದವಳು ಪಾಪಮ್ಮ. ನಮ್ಮ ಬೀದಿಯ ಕೂಸುಗಳಿಗೆಲ್ಲ ಎಣ್ಣೆ ತಿಕ್ಕಿ ನೀರು ಹಾಕುವ ಎಪ್ಪತ್ತರ ಮುದುಕಿ. ಆಗಷ್ಟೇ ಪಕ್ಕದ ಮನೆ ಸುಮನಾಳ ಮಗುವಿಗೆ ಎರೆದು, ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು.

"ಏನಪ್ಪಾ ಮೇಷ್ಟ್ರೇ, ಏನಿದು ಅವತಾರ?"

ಮಲಗಿದ್ದಲ್ಲಿಂದಲೇ ಚಾರ್ಟು ತೋರಿಸಿ ನಾಲ್ಕು ಬಗೆಯನ್ನೂ ವಿವರಿಸಿದೆ.

"ನಂಗೆ ಎರಡೇ ತರ ಗೊತ್ತಿರಾದು ಕಣಪ್ಪಾ. ಕೂಸು ಅಳಾದು ಒಂದು, ಕೂಸು ನಿದ್ದೆ ಹೋಗಾದು ಒಂದು. ಅತ್ರೆ ಕೈ ತೆಗೀಬೇಕು" ಅಂದು ತನುಜಾಳ ಕಡೆ ತಿರುಗಿ, "ಕೈ ಜೋಮು ಹಿಡೀತೈತೇನವ್ವಾ? ಜ್ವರ ಐತಾ?" ಅಂದಳು.

"ಇಲ್ಲ ಪಾಪಮ್ಮ."

"ಹಂಗಾರೆ ಸರಿ. ಇದ್ದಿದ್ರೆ ನಾನು ಮುಟ್ತಿರ್ಲಿಲ್ಲ."

ಎಳ್ಳೆಣ್ಣೆ ಉಗುರುಬೆಚ್ಚಗೆ ಮಾಡಿಸಿಕೊಂಡಳು. ನೋವಿರುವ ಜಾಗಕ್ಕೆ ಹೋಗಲೇ ಇಲ್ಲ! ಹೆಗಲಿನಿಂದ ಶುರು ಮಾಡಿ, ತನುಜಾಳ ಮುಖ ನೋಡುತ್ತಾ, ಹುಬ್ಬು ಗಂಟಿಕ್ಕಿದರೆ ಬೆರಳು ಸಡಿಲಿಸುತ್ತಾ, ಉಸಿರು ಬಿಟ್ಟರೆ ಒಂದಿಷ್ಟು ಮುಂದೆ ಹೋಗುತ್ತಾ ನೀವಿದಳು. ನಾನು ಆರಿಸಲು ಒಂದು ಸಂಜೆ ಒದ್ದಾಡಿದ್ದೆ. ಅವಳು ಗಳಿಗೆಗೊಮ್ಮೆ ಆರಿಸುತ್ತಿದ್ದಳು, ಅದೂ ಬೆರಳ ತುದಿಯಲ್ಲಿ! ಆ ಕೈಗಳಿಗೆ ಅಲ್ಲೇ ಅಡ್ಡಬೀಳೋಣ ಅನ್ನಿಸಿತು. ಹೇಗೂ ಬಿದ್ದೇ ಇದ್ದೆ. ಅರ್ಧ ಗಂಟೆಯಲ್ಲಿ ತನುಜಾ ಕತ್ತು ಬಗ್ಗಿಸಿ ನನ್ನನ್ನು ನೋಡಿ, ಬಿದ್ದು ಬಿದ್ದು ನಕ್ಕಳು. ಅವಳು ನಕ್ಕಿದ್ದು ನೋಡಿ ನನಗೆ ನಿಜಕ್ಕೂ ಕಣ್ಣು ತುಂಬಿ ಬಂತು.

ಆಮೇಲೆ ನನ್ನ ಸರದಿ. ಸಿಕ್ಕಿಕೊಂಡ ಕಾಲನ್ನು ಎಳೆಯದೆ, ತೊಡೆಯನ್ನು ನೀವುತ್ತಾ ನೀವುತ್ತಾ ಅದೇ ತಾನಾಗಿ ಇಳಿಯುವಂತೆ ಮಾಡಿದಳು. "ನಾಳೆ ಬೆಳಗ್ಗೆ ಇನ್ನೊಂದು ಕಿತ ಬತ್ತೀನಿ. ಅಲ್ಲಿಗಂಟ ಆ ಮೊಬೈಲು ಮುಟ್ಟಬ್ಯಾಡ" ಅಂತ ಆಜ್ಞೆಯಾಯಿತು.

ಶನಿವಾರ ಬೆಳಗ್ಗೆ ಬಂದವಳು ಇಬ್ಬರಿಗೂ ಮತ್ತೆ ನೀವಿ, ಬಿಸಿನೀರು ಹುಯ್ದುಕೊಂಡು ಬರಲು ಹೇಳಿದಳು. ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ ಹಾಕಿ, ನನ್ನನ್ನು ಚಾಪೆಯ ಮೇಲೆ ಮಲಗಿಸಿ ಕಂಬಳಿ ಹೊದಿಸಿದಳು. ಎರಡು ತಾಸು ಸತ್ತವನಂತೆ ನಿದ್ದೆ ಹೊಡೆದೆ! ತನುಜಾ ಎಬ್ಬಿಸಿದ್ದು ಹೊರಡುವ ಹೊತ್ತಿಗೆ. ಅಂಗಿ ಸಿಕ್ಕಿಸಿಕೊಂಡು ಓಡಿದೆ.

ಟೆಸ್ಟ್ ಮೈದಾನದಲ್ಲಿ ಎಲ್ಲರೂ ನನ್ನತ್ತ ನೋಡಿ ಮುಗುಳ್ನಗುತ್ತಿದ್ದರು. ಮೇಷ್ಟ್ರೆಂದರೆ ಊರಿಗೇ ಗೌರವ ಅಂದುಕೊಂಡೆ. ತನುಜಾ ಕತ್ತನ್ನು ಲೀಲಾಜಾಲವಾಗಿ ತಿರುಗಿಸಿ, ಒಂದು ಕಂಬಕ್ಕೂ ತಾಗಿಸದೆ, ಕಾರನ್ನು ಹಿಂದಕ್ಕೆ ತಂದು ನಿಲ್ಲಿಸಿದಳು. ನನ್ನ ಎದೆ ಉಬ್ಬಿತು.

"ಪಾಸ್ ಮೇಡಂ! ರಿವರ್ಸ್ ಅಂದ್ರೆ ಹಿಂಗಿರ್ಬೇಕು. ಯಾರು ರೆಡಿ ಮಾಡಿದ್ದು?" ಎಂದರು ಇನ್ಸ್‌ಪೆಕ್ಟರು. ನಾನು ಒಂದು ಹೆಜ್ಜೆ ಮುಂದೆ ಬಂದೆ.

"ಪಾಪಮ್ಮ ಅಂತ ಸಾರ್" ಅಂದಳು ತನುಜಾ.

"ಹೊಸ ಡ್ರೈವಿಂಗ್ ಸ್ಕೂಲಾ?"

"ಅಲ್ಲ ಸಾರ್, ಎಳೇ ಮಕ್ಕಳಿಗೆ ಎಣ್ಣೆ ನೀರು ಹಾಕ್ತಾರೆ."

ಇನ್ಸ್‌ಪೆಕ್ಟರು ನನ್ನ ಮುಖವನ್ನೇ ದಿಟ್ಟಿಸಿದರು. "ಇವರು?"

"ಅವರ ಹತ್ರ ಎಣ್ಣೆ ನೀರು ಹಾಕಿಸ್ಕೊಂಡ ಹೊಸ ಮಗು ಸಾರ್."

ಗಾಬರಿಯಿಂದ ಕಾರಿನ ಕನ್ನಡಿಗೆ ಬಗ್ಗಿದೆ. ನನ್ನ ಎಡಗೆನ್ನೆಯ ಮೇಲೆ ರೂಪಾಯಿ ಅಗಲದ ಕಾಡಿಗೆಯ ದೃಷ್ಟಿಬೊಟ್ಟು!

"ಹಂಗಾದ್ರೆ ಲೈಸೆನ್ಸ್ ಬಂದ್ಮೇಲೆ ಮಗೂನ ಹಿಂದಿನ ಸೀಟಲ್ಲಿ ಕೂರ್ಸಿ ಮೇಡಂ" ಎಂದರು ಇನ್ಸ್‌ಪೆಕ್ಟರು ಗಂಭೀರವಾಗಿ.

ಲೈಸೆನ್ಸ್ ಬಂದು ಹದಿನೈದು ದಿನವಾಯಿತು. ಮುಂದಿನ ಸೀಟಿನಲ್ಲಿ ಪಾಪಮ್ಮ ಅಜ್ಜಂಪುರದ ತನಕ ಎರಡು ಸಲ ಹೋಗಿ ಬಂದಳು. ನಾನಿನ್ನೂ ಹಿಂದೆಯೇ ಇದ್ದೇನೆ!