ಪ್ರತಿವಾದಿ ದೇಶ ಮನೆಯಲ್ಲಿರಲಿಲ್ಲ

ಇದು ಶುರುವಾದದ್ದು 2007ರ ಮಾರ್ಚ್‌ನಲ್ಲಿ. ಆಗ ನಾನು ರಸಾಯನಶಾಸ್ತ್ರದ ಬಿ.ಎಸ್ಸಿ. ಮುಗಿಸಿ, ದೆಹಲಿಯ ಜನಕಪುರಿಯಲ್ಲಿ ವಕೀಲೆಯೊಬ್ಬರ ಕಚೇರಿಯಲ್ಲಿ ಕಡತ ಜೋಡಿಸುತ್ತಿದ್ದೆ. ಕೋರ್ಟಿನ ಫಾರಂಗಳು ಬಾಡಿಗೆ ಮನೆ ಜಗಳಕ್ಕೆಂದು ಮಾಡಿದವು. ಅವುಗಳಲ್ಲಿ ದೇಶವನ್ನು ತುಂಬಿಸಲು ಹೋದರೆ ಇಂಥವು ಆಗುತ್ತಲೇ ಇರುತ್ತವೆ.

1. ಎಲೆ

ನಮ್ಮ ಕಕ್ಷಿದಾರರು ಗ್ರೇಟರ್ ನೋಯ್ಡಾದಲ್ಲಿ ಪಂಪು ತಯಾರಿಸುವ ಕನ್ನಡಿಗರು. ಇದ್ದದ್ದನ್ನೆಲ್ಲ ಸುರಿದು ಹೊರದೇಶವೊಂದರಲ್ಲಿ ಕಾರ್ಖಾನೆ ಹಾಕಿದ್ದರು. ಅಲ್ಲಿನ ಸರ್ಕಾರ ಅದಕ್ಕೆ ಬೀಗ ಜಡಿಯಿತು. ಎರಡು ದೇಶಗಳ ಹೂಡಿಕೆ ಒಪ್ಪಂದದಂತೆ ದೆಹಲಿಯಲ್ಲಿ ಕೂತ ಮೂವರು ಮಧ್ಯಸ್ಥರು ಇವರ ವಿರುದ್ಧವೇ ತೀರ್ಪು ಕೊಟ್ಟರು. ಕೋರ್ಟಿನಲ್ಲಿ ಅದನ್ನು ರದ್ದು ಮಾಡಿಸುವುದೊಂದೇ ಉಳಿದ ದಾರಿ.

"ತೀರ್ಪು ಸರಿಯೋ ತಪ್ಪೋ ಕೋರ್ಟ್ ನೋಡೋದಿಲ್ಲ," ಎಂದರು ಮೇಡಂ. "ಊಟ ರುಚಿಯಿರಲಿಲ್ಲ ಅಂದ್ರೆ ಕೇಳಲ್ಲ. ಎಲೆ ತಿರುಗಿಸಿ ಹಾಕಿದ್ರು ಅಂದ್ರೆ ಕೇಳ್ತಾರೆ."

"ಎಲೆ ಸರಿಯಾಗೇ ಹಾಕಿದ್ರು ಮೇಡಂ," ಎಂದರು ಕಕ್ಷಿದಾರರು. "ಅನ್ನ ಕಲಸೋ ಹೊತ್ತಿಗೆ ಎಳ್ಕೊಂಡ್ರು. ನನ್ನ ಸಾಕ್ಷೀನ ಕರೀಲೇ ಇಲ್ಲ."

ಮೇಡಂ ಪೆನ್ನು ತೆಗೆದರು. "ಇದನ್ನ ಈಗ ಹೇಳ್ತೀರಾ? ಎರಡು ಗಂಟೆಯಿಂದ ಸಾರಿಗೆ ಉಪ್ಪಿಲ್ಲ ಅಂತಿದ್ರಿ!"

2. ವಯಸ್ಸು

ಅರ್ಜಿ ಸಲ್ಲಿಸುವ ಕೌಂಟರಿನ ಗುಮಾಸ್ತ ಫಾರಂ ಹಿಂದಕ್ಕೆ ತಳ್ಳಿದ. "ಪ್ರತಿವಾದಿಯ ತಂದೆಯ ಹೆಸರು ಬಿಟ್ಟಿದ್ದೀರಿ."

"ಪ್ರತಿವಾದಿ ಒಂದು ದೇಶ."

"ಇರಲಿ. ವಯಸ್ಸಾದರೂ ಬರೆಯಿರಿ."

ಗಡುವಿಗೆ ಎರಡೇ ದಿನವಿತ್ತು. ವಾದಿಸಲಿಲ್ಲ. ಆ ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಹುಡುಕಿ, ಕಳೆದು, ನಲವತ್ತಮೂರು ಎಂದು ಬರೆದೆ.

ಗುಮಾಸ್ತ ಮುದ್ರೆ ಒತ್ತಿದ. "ಅಚ್ಛಾ, ಮೈನರ್ ಅಲ್ಲ. ಚಲೋ."

3. ನೆರೆಹೊರೆ

ಮುಂದಿನ ತಾರೀಖಿನೊಳಗೆ ನೋಟಿಸ್ ಮುಟ್ಟದಿದ್ದರೆ ಅರ್ಜಿ ವಜಾ ಎಂದರು ನ್ಯಾಯಾಧೀಶರು. ಕೋರ್ಟಿನ ಅಮೀನ ಅದನ್ನು ಹಿಡಿದು ಆ ದೇಶದ ರಾಯಭಾರ ಕಚೇರಿಗೆ ಹೋದ. ಮೂವತ್ತು ವರ್ಷ ಎಲ್ಲ ಮನೆಗೂ ಬರೆದ ವರದಿಯನ್ನೇ ಇದಕ್ಕೂ ಬರೆದ. ತಾರೀಖಿನ ದಿನ ನ್ಯಾಯಾಧೀಶರು ಓದಿದರು:

"ಪ್ರತಿವಾದಿ ದೇಶ ಮನೆಯಲ್ಲಿರಲಿಲ್ಲ. ಪಕ್ಕದ ಮನೆಯವರನ್ನು ವಿಚಾರಿಸಲಾಗಿ, ಹತ್ತು ವರ್ಷದಿಂದ ತಮಗೂ ಅವರಿಗೂ ಮಾತಿಲ್ಲ ಎಂದರು. ನೋಟಿಸನ್ನು ಗೇಟಿಗೆ ಅಂಟಿಸಿ ಬಂದಿದ್ದೇನೆ."

ಪಕ್ಕದ ಮನೆ ಇನ್ನೊಂದು ದೇಶದ ರಾಯಭಾರ ಕಚೇರಿ.

ಕಕ್ಷಿದಾರರು ಕಣ್ಣು ಮುಚ್ಚಿಕೊಂಡರು. ಆಗ ಹಿಂದಿನ ಸಾಲಿನಿಂದ ಒಬ್ಬ ವಕೀಲರು ಎದ್ದರು. "ಸ್ವಾಮಿ, ನಾನು ಆ ದೇಶದ ಪರ. ಗೇಟಿಗೆ ಅಂಟಿಸಿದರೆ ನೋಟಿಸ್ ಮುಟ್ಟಿದ ಹಾಗಲ್ಲ!"

"ಮುಟ್ಟದೆ ನೀವು ಇಲ್ಲಿಗೆ ಹೇಗೆ ಬಂದಿರಿ?"

"ಪಕ್ಕದವರು ಫೋನ್ ಮಾಡಿದರು. ನಿಮ್ಮ ಗೇಟಿಗೆ ಕೋರ್ಟಿನವರು ಚೀಟಿ ಅಂಟಿಸಿದ್ದಾರೆ, ಎಲ್ಲರೂ ನಿಂತು ಓದುತ್ತಿದ್ದಾರೆ ಅಂತ."

"ಹಾಗಾದರೆ ಮುಟ್ಟಿದೆ," ಎಂದು ನ್ಯಾಯಾಧೀಶರು ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಂಡರು.

ಹತ್ತು ವರ್ಷದಲ್ಲಿ ಆ ಎರಡು ದೇಶಗಳ ನಡುವೆ ನಡೆದ ಮಾತುಕತೆ: ಒಂದು.