ತಿಕೋಟಾದ ಬಿಟ್‌ಕಾಯಿನ್ ಟೇಲರ್

ತಿಕೋಟಾ ಬಸ್‌ಸ್ಟ್ಯಾಂಡಿನ ಎದುರು ಅಂಗಡಿ ಇಟ್ಟಿದ್ದ ಟೇಲರ್ ಅಮೋಘಿ ಆ ಸೋಮವಾರ ಬೆಳಿಗ್ಗೆ ಮೊಬೈಲಿಗೆ ಒಂದು ಸಾಫ್ಟ್‌ವೇರ್ ಹಾಕಿಕೊಂಡ. ಬಿಟ್‌ಕಾಯಿನ್ ಬೆಲೆ ಒಂದು ಮೆಟ್ಟಿಲು ಇಳಿದರೆ ತಾನೇ ಸ್ವಲ್ಪ ಕೊಳ್ಳುವುದು, ಒಂದು ಮೆಟ್ಟಿಲು ಏರಿದರೆ ತಾನೇ ಮಾರುವುದು, ಇಷ್ಟೇ ಅದರ ಕೆಲಸ. ಸೂಚನೆಗಳು ಸೀರೆಗಿಂತ ಉದ್ದವಿದ್ದವು. ಓದದೆ ಒಪ್ಪಿಗೆ ಒತ್ತಿ, ಬ್ಯಾಂಕಿನಲ್ಲಿದ್ದ ಉಳಿತಾಯದ ಅಷ್ಟೂ ಮೊತ್ತವನ್ನು ಅದರಲ್ಲಿ ಬರೆದು, ಕತ್ತರಿ ಕೈಗೆತ್ತಿಕೊಂಡ.

ಟಿಂಗ್! ಮೊದಲ ಲಾಭ.

ಪಕ್ಕದ ಚಹಾದಂಗಡಿಯ ರೇವಪ್ಪ ಓಡಿ ಬಂದ. "ಏನಲೇ ಅಮೋಘಿ, ಕುಂತಲ್ಲೇ ರೊಕ್ಕ ಹುಟ್ಟಾಕತ್ತಾವಲ್ಲ!"

"ನಾ ಏನೂ ಮಾಡಂಗಿಲ್ಲ ಮಾವಾ. ಅದ ತಗೊಂತೈತಿ, ಅದ ಮಾರತೈತಿ."

ಆಮೇಲೆ ಟಿಂಗ್ ಎಂದಾಗಲೆಲ್ಲ ರೇವಪ್ಪ ಬಂದವರಿಗೆಲ್ಲ ಅಮೋಘಿಯ ಲೆಕ್ಕದಲ್ಲೇ ಚಹಾ ಕೊಟ್ಟ. ಆ ಸದ್ದಿಗೇ ಕಿವಿಗೊಟ್ಟ ಅಮೋಘಿ ಒಂದು ಅಂಗಿಗೆ ಎರಡೂ ಎಡತೋಳು ಹೊಲಿದ. "ಇದ್ಯಾವ ಫ್ಯಾಶನ್ರಿ?" ಎಂದು ಗಿರಾಕಿ ಭೀಮಾಶಂಕರ ಬಲಗೈ ತೂರಿಸಲು ಒದ್ದಾಡುತ್ತಿದ್ದಾಗ ಸದ್ದು ನಿಂತುಹೋಯಿತು.

ಬೆಲೆಯ ಗೆರೆ ಹಗ್ಗ ಹರಿದ ಕೊಡದಂತೆ ನೇರ ಬಾವಿಗಿಳಿದಿತ್ತು. ಸಾಫ್ಟ್‌ವೇರು ಪ್ರತಿ ಮೆಟ್ಟಿಲಿಗೂ ಕೊಂಡು ಕೊಂಡು, ರೊಕ್ಕವನ್ನೆಲ್ಲ ಮುಗಿಸಿ ಸುಮ್ಮನೆ ಕುಳಿತಿತ್ತು.

"ಬಂದ್ ಮಾಡಿ ಚಾಲೂ ಮಾಡು," ಎಂದ ರೇವಪ್ಪ.

"ತುಸು ಬಿಸಲಾಗ ಇಡ್ರಿ," ಎಂದ ಭೀಮಾಶಂಕರ.

ಅಮೋಘಿ ವಿಜಯಪುರದ ಬಸ್ಸು ಹತ್ತಿದ. "ಎಲ್ಲಿಗ್ರಿ?" ಎಂದ ಕಂಡಕ್ಟರಿಗೆ, ಮೊಬೈಲಿನಿಂದ ತಲೆಯೆತ್ತದೆ, "ಕೆಳಗ ಹೊಂಟೈತ್ರಿ, ಇನ್ನೂ ಕೆಳಗ," ಎಂದ.

ವಿಜಯಪುರದ ಇಬ್ರಾಹಿಂಪುರ ಬಡಾವಣೆಯಲ್ಲಿದ್ದ ತಂಗಿ ಲಕ್ಷ್ಮಿಗೆ ಇಂಥ ವ್ಯವಹಾರವೆಲ್ಲ ಗೊತ್ತಿತ್ತು. ನೇರ ಅವಳ ಮನೆಗೆ ಹೋಗಿ ಮೊಬೈಲು ಕೈಗಿಟ್ಟ.

"ಯಣ್ಣಾ, ಬೆಲಿ ಕಡೀ ಮೆಟ್ಟಲಾ ದಾಟಿ ಕೆಳಗ ಇಳದ್ರ ಎಲ್ಲಾ ಮಾರಿ ಹೊರಗ ಬಾ ಅಂತ ಅದಕ್ಕ ಹೇಳಿದ್ದಿ?"

"ಇಲ್ಲ."

"ಸಣ್ಣ ಸಣ್ಣ ವ್ಯಾಪಾರಕ್ಕೆಲ್ಲಾ ಕಮಿಷನ್ ಹಿಡಿತೈತಿ, ಮ್ಯಾಲ ತೆರಿಗಿ ಬ್ಯಾರೆ. ಲಾಭದಾಗ ಎಷ್ಟ ಉಳಿತೈತಿ, ನೋಡಿದ್ದೇನ?"

"ಇಲ್ಲವಾ."

"ಖಾತೇದಿಂದ ರೊಕ್ಕ ಹೊರಗ ಕಳಸೋ ಅಧಿಕಾರನೂ ಕೊಟ್ಟೀ?"

"ಅದು ಕೇಳಿದ್ದೆಲ್ಲಾ ಕೊಟ್ಟೇನಿ."

ಲಕ್ಷ್ಮಿ ಮೊದಲು ಆ ಅಧಿಕಾರ ಕಿತ್ತುಹಾಕಿದಳು. ಆಮೇಲೆ ಪರದೆಯ ಮೂಲೆ ನೋಡಿ ಗೊಳ್ಳೆಂದು ನಕ್ಕಳು. "ಇಲ್ಲಿ ಬರದದ್ದು ಓದು."

"ಅಭ್ಯಾಸ," ಎಂದು ಅಮೋಘಿ ಓದಿದ.

"ಹೊಸಬರಿಗೆ ಮೊದ್ಲ ಆಟದ ರೊಕ್ಕ ಕೊಡತೈತಿ. ಬಂದ ಲಾಭಾನೂ ಸುಳ್ಳ, ಆದ ಲುಕ್ಸಾನೂ ಸುಳ್ಳ. ನಿನ್ನ ರೊಕ್ಕ ಬ್ಯಾಂಕಿನ್ಯಾಗ ಹಂಗ ಐತಿ. ಇನ್ನೊಂದಿಷ್ಟ ದಿವಸ ಹಿಂಗ ಕಲಿ. ಆಮ್ಯಾಲ, ಕಳಕೊಂಡ್ರೂ ನಡೀತೈತಿ ಅನ್ನುವಷ್ಟ ಹಾಕು."

ಅಮೋಘಿಗೆ ಹೋದ ಜೀವ ಬಂದಂತಾಯಿತು. ತಂಗಿ ಕೊಟ್ಟ ಮಜ್ಜಿಗೆ ಕುಡಿದು, ಬಸ್ಸಿನಲ್ಲಿ ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತ ಮರಳಿದ.

ಅಂಗಡಿಯ ಮುಂದೆ ಟೆಂಪೊ ನಿಂತಿತ್ತು. ಒಳಗೆ ಹೊಸ ಮಷೀನೊಂದು ಫಳಫಳ ಹೊಳೆಯುತ್ತಿತ್ತು. ಅದರ ಮುಂದೆ ಹೆಂಡತಿ ನಿರ್ಮಲಾ ಕುಳಿತಿದ್ದಳು.

"ಮುಂಜಾನಿಂದ ನಿಮಗ ಲಾಭದ ಮ್ಯಾಲ ಲಾಭ ಅಂತ ರೇವಪ್ಪ ಮಾವಾರು ಹೇಳಿದ್ರು. ಹಂಗಾರ ನಮ್ಮಿಬ್ಬರ ಖಾತೇದಾಗಿನ ಉಳಿತಾಯದ ರೊಕ್ಕ ಯಾಕ ಸುಮ್ಮನ ಬ್ಯಾಂಕಿನ್ಯಾಗ ಕೊಳೀಬೇಕು? ಅಷ್ಟೂ ಕೊಟ್ಟು ಪಿಕೋ ಮಷೀನ ತರಿಸೀನಿ. ಸೀರಿ ಅಂಚ ಹೊಲಿಸಾಕ ಹೆಣ್ಮಕ್ಕಳು ಇನ್ನ ವಿಜಾಪುರಕ್ಕ ಯಾಕ ಹೋಗಬೇಕು?"

"ವಾಪಸ್ ಕೊಟ್ರ?"

"ತಗೊಳಂಗಿಲ್ಲಂತ್ರಿ."

ಅಷ್ಟರಲ್ಲೇ ಬಾಗಿಲಲ್ಲಿ ಸೀರೆ ಹಿಡಿದ ಹೆಂಗಸರು ಸಾಲಾಗಿ ನಿಂತಿದ್ದರು. ನಿರ್ಮಲಾ ಗುಂಡಿ ಒತ್ತಿದಳು. ಅಂಚು ನೀಟಾಗಿ ಮೂಡುತ್ತ ಹೋಯಿತು, ಅವಳ ಮುಖವೂ ಅರಳುತ್ತ ಹೋಯಿತು.

"ಸುಮ್ಮನ ಯಾಕ ನಿಂತೀರಿ? ಬರ್ರಿ," ಎಂದಳು.

ಅಮೋಘಿ ಸ್ಟೂಲು ಎಳೆದುಕೊಂಡು ಕುಳಿತು, ಸೀರೆಯ ಇನ್ನೊಂದು ತುದಿ ಹಿಡಿದ.